ಮನೆ ಸಾಮಾನು ಲಾರಿ ಹತ್ತುವ ಮೊದಲು: ದೂರದ ಊರಿಗೆ ಶಿಫ್ಟ್ ಆಗುವವರಿಗೆ

ಪ್ಯಾಕರ್ಸ್ ಆ್ಯಂಡ್ ಮೂವರ್ಸ್ ಜೊತೆ ಜಗಳ ಶುರುವಾಗುವುದು ಸಾಮಾನು ಇಳಿಸುವ ಊರಲ್ಲಿ. ಆದರೆ ಆ ಜಗಳದಲ್ಲಿ ಯಾರ ಕೈ ಮೇಲಾಗುತ್ತದೆ ಅನ್ನೋದು ಸಾಮಾನು ಏರಿಸುವ ಊರಲ್ಲೇ ತೀರ್ಮಾನ ಆಗಿರುತ್ತದೆ. ಸಾಮಾನು ನಿಮ್ಮ ಮನೆಯಲ್ಲಿ ಇರುವ ತನಕ ನಿಮ್ಮ ಮಾತು ನಡೆಯುತ್ತದೆ. ಲಾರಿಯ ಹಿಂಬಾಗಿಲು ಮುಚ್ಚಿತೋ, ಅಲ್ಲಿಂದಾಚೆ ಅವರದ್ದೇ ಮಾತು. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಮುಕ್ಕಾಲು ಪಾಲು ಹೊರಡುವ ಮುಂಚಿನ ಕೆಲಸವೇ.

ಹುಬ್ಬಳ್ಳಿ ಮೊದಲಿಂದಲೂ ಲಾರಿಗಳ ಊರು. ಅಮರಗೋಳದ ಎಪಿಎಂಸಿ ಸುತ್ತಮುತ್ತ, ಗಬ್ಬೂರು ಬೈಪಾಸ್ ಕಡೆ ಹೋದರೆ ಟ್ರಾನ್ಸ್‌ಪೋರ್ಟ್‌ನವರಿಗೇನೂ ಬರ ಇಲ್ಲ. ಆದರೂ ಪುಣೆಗೋ ಹೈದರಾಬಾದಿಗೋ ವರ್ಗ ಆದ ಕೂಡಲೇ ನಾವು ಮಾಡುವುದು ಏನು? ಮೊಬೈಲಿನಲ್ಲಿ ಹುಡುಕಿ, ಯಾವುದೋ ಒಂದು ಸೈಟಿನಲ್ಲಿ ನಂಬರ್ ಹಾಕುತ್ತೇವೆ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಎಂಟು-ಹತ್ತು ಫೋನ್ ಬರುತ್ತವೆ. ಎಲ್ಲರೂ "ಸರ್, ನಮ್ಮದೇ ಗಾಡಿ, ನಮ್ಮದೇ ಲೇಬರ್" ಅನ್ನುತ್ತಾರೆ.

ಮಾತಾಡುವವನಿಗೂ ಲಾರಿಗೂ ಸಂಬಂಧ ಇದೆಯಾ?

ಹಲವು ಸಲ ಇರುವುದಿಲ್ಲ. ಫೋನಿನಲ್ಲಿ ಮಾತಾಡುವವನು ಬುಕಿಂಗ್ ಹಿಡಿಯುವವನು. ನಿಮ್ಮಿಂದ ಅಡ್ವಾನ್ಸ್ ತೆಗೆದುಕೊಂಡು ತನ್ನ ಕಮಿಷನ್ ಮುರಿದುಕೊಳ್ಳುತ್ತಾನೆ. ಪ್ಯಾಕಿಂಗ್‌ಗೆ ಇಲ್ಲಿನ ನಾಲ್ಕು ಹುಡುಗರನ್ನು ಹಿಡಿಯುತ್ತಾನೆ. ಆಮೇಲೆ ಆ ಕಡೆಗೆ ಖಾಲಿ ಹೋಗುವ ಯಾವುದಾದರೂ ಗಾಡಿ ಹುಡುಕಿ ನಿಮ್ಮ ಸಾಮಾನು ಅದರ ತಲೆಗೆ ಕಟ್ಟುತ್ತಾನೆ. ಅವನು ಹೇಳಿದ ಕಡಿಮೆ ರೇಟಿನಲ್ಲಿ ಲಾರಿಯವನಿಗೆ ಗಿಟ್ಟುವುದಿಲ್ಲ. ಆ ಕೊರತೆ ತುಂಬುವುದು ನಿಮ್ಮ ಹೊಸ ಮನೆಯ ಬಾಗಿಲಲ್ಲಿ.

ನಮ್ಮ ಅಣ್ಣನ ಮನೆ ಸಾಮಾನು ಧಾರವಾಡದ ಸಪ್ತಾಪುರದಿಂದ ಪುಣೆಗೆ ಹೋದಾಗ ಆದದ್ದು ಇದೇ. ಬೇರೆಯವರು ಮೂವತ್ತೈದು ಸಾವಿರದ ಆಸುಪಾಸು ಹೇಳಿದ್ದರು. ಒಬ್ಬ ಮಾತ್ರ ಇಪ್ಪತ್ತೆರಡು ಸಾವಿರಕ್ಕೆ ಒಪ್ಪಿದ. ಲೋಡ್ ಆದ ಗಾಡಿ ಕೆಎ ನಂಬರಿನದು, ಪುಣೆಯಲ್ಲಿ ಬಂದು ನಿಂತ ಗಾಡಿ ಎಂಎಚ್ ನಂಬರಿನದು. ನಡುವೆ ಎಲ್ಲೋ ಗೋದಾಮಿನಲ್ಲಿ ಇಳಿಸಿ ಮತ್ತೆ ಏರಿಸಿದ್ದರು. ಡ್ರೈವರ್ ಸವಣೂರು ಕಡೆಯವನು. ಬಾಗಿಲು ತೆಗೆಯುವ ಮುಂಚೆ ಇನ್ನೂ ಹದಿನೈದು ಸಾವಿರ ಕೇಳಿದ. "ಅಣ್ಣಾರ, ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ. ಅವರು ಡೀಸೆಲ್ಲಿಗೆ ಕೊಟ್ಟಿದ್ದ ಅರ್ಧಾ. ಉಳಿದಿದ್ದು ಪಾರ್ಟಿ ಕಡೆ ಇಸಗೋ ಅಂದಾರ. ರೊಕ್ಕ ಬರೂ ತನಕ ಬಾಗಲಾ ತಗೀಬ್ಯಾಡ ಅಂತನೂ ಹೇಳ್ಯಾರ್ರಿ." ಬುಕಿಂಗ್ ಮಾಡಿದವನ ಫೋನ್ ಸ್ವಿಚ್ ಆಫ್. ಡ್ರೈವರ್ ಹೇಳಿದ್ದು ಸುಳ್ಳು ಅಂತ ನನಗೆ ಇವತ್ತಿಗೂ ಅನಿಸುವುದಿಲ್ಲ.

ಬುಕ್ ಮಾಡುವ ಮುಂಚೆ ನೋಡಬೇಕಾದ್ದು

ಮೊದಲು ಜಿಎಸ್‌ಟಿ ನಂಬರ್ ಕೇಳಿ. ಹದಿನೈದು ಅಕ್ಷರ-ಅಂಕಿ ಇರುತ್ತದೆ. ಮೊದಲ ಎರಡು ಅಂಕಿ ರಾಜ್ಯದ್ದು. ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ತೆಲಂಗಾಣಕ್ಕೆ 36, ಗೋವಾಕ್ಕೆ 30. "ನಮ್ಮ ಹೆಡ್ ಆಫೀಸ್ ಹುಬ್ಬಳ್ಳಿಯಲ್ಲೇ" ಅನ್ನುವವನ ನಂಬರ್ ಬೇರೆ ರಾಜ್ಯದ ಅಂಕಿಯಿಂದ ಶುರುವಾದರೆ ಯಾಕೆ ಅಂತ ಕೇಳಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ನಂಬರ್ ಹಾಕಿ ನೋಡಬಹುದು. ಮಾಲೀಕರ ಹೆಸರು, ವ್ಯಾಪಾರದ ಹೆಸರು, ನೋಂದಣಿ ಆದ ದಿನ, ಅದು ಚಾಲ್ತಿಯಲ್ಲಿದೆಯಾ ರದ್ದಾಗಿದೆಯಾ, ಎಲ್ಲ ಬರುತ್ತದೆ. ನಾನು ಎಲ್ಲಕ್ಕಿಂತ ಮೊದಲು ನೋಡುವುದು ನೋಂದಣಿ ದಿನ. ವಿಸಿಟಿಂಗ್ ಕಾರ್ಡಿನಲ್ಲಿ "25 ವರ್ಷಗಳ ಅನುಭವ" ಅಂತಿದ್ದು ನೋಂದಣಿ ಕಳೆದ ದೀಪಾವಳಿಯದ್ದಾದರೆ ಮುಂದಿನ ಮಾತು ಬೇಡ.

ಹೆಸರನ್ನೂ ಅಕ್ಷರ ಅಕ್ಷರ ಓದಿ. ದೊಡ್ಡ ಕಂಪನಿಯ ಹೆಸರಿಗೆ ಒಂದಕ್ಷರ ಸೇರಿಸಿ, ಅದೇ ಬಣ್ಣದ ಬೋರ್ಡ್ ಹಾಕಿಕೊಂಡವರು ಬೇಕಾದಷ್ಟು ಇದ್ದಾರೆ. ಆಮೇಲೆ ಆಫೀಸಿಗೆ ಒಂದು ಸಲ ಹೋಗಿ ಬನ್ನಿ. ಗೋಕುಲ ರೋಡ್ ಅಂದರೆ ಗೋಕುಲ ರೋಡಿಗೇ ಹೋಗಿ. ವಿಳಾಸ ಇರುವ ಜಾಗದಲ್ಲಿ ಝೆರಾಕ್ಸ್ ಅಂಗಡಿ ಇದ್ದರೆ ಅಲ್ಲಿಗೇ ಕೆಲಸ ಮುಗಿಯಿತು, ಅಲ್ವಾ?

ಇನ್ನೊಂದು ಕಾಗದ ಇದೆ, ಜನ ಕೇಳುವುದೇ ಇಲ್ಲ. ಬಾಡಿಗೆಗೆ ಊರಿಂದೂರಿಗೆ ಸರಕು ಸಾಗಿಸುವವರು 'ಕ್ಯಾರೇಜ್ ಬೈ ರೋಡ್ ಆ್ಯಕ್ಟ್, 2007' ಪ್ರಕಾರ ನೋಂದಣಿ ಮಾಡಿಸಿಕೊಂಡಿರಬೇಕು. ಈ ಕಾಯ್ದೆ ಜಾರಿಗೆ ಬಂದದ್ದು 2011ರಲ್ಲಿ. "ನಿಮ್ಮ ಕಾಮನ್ ಕ್ಯಾರಿಯರ್ ರಿಜಿಸ್ಟ್ರೇಷನ್ ಕಾಪಿ ಕಳಿಸಿ" ಅಂತ ವಾಟ್ಸಾಪ್ ಮಾಡಿ. ಕೆಲವರು ಕಳಿಸುತ್ತಾರೆ. ಕೆಲವರು ಆ ಮೆಸೇಜಿನ ನಂತರ ಫೋನೇ ಮಾಡುವುದಿಲ್ಲ. ಎರಡೂ ನಿಮಗೆ ಒಳ್ಳೆಯದೇ.

ರೇಟು ಕೇಳುವ ರೀತಿ

ಫೋನಿನಲ್ಲೇ "ಟೂ ಬಿಎಚ್‌ಕೆ ಅಲ್ವಾ ಸರ್, ಇಷ್ಟಾಗುತ್ತೆ" ಅನ್ನುವವರನ್ನು ಬಿಟ್ಟುಬಿಡಿ. ಮನೆಗೆ ಬಂದು ನೋಡಲಿ. ಬರಲು ಆಗದಿದ್ದರೆ ವಿಡಿಯೋ ಕಾಲ್‌ನಲ್ಲಿ ಎಲ್ಲ ತೋರಿಸಿ, ಅದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ. ನಮ್ಮ ಕಡೆ ಮನೆಗಳಲ್ಲಿ ಕಣ್ಣಿಗೆ ಕಾಣುವುದಕ್ಕಿಂತ ಅಟ್ಟದ ಮೇಲೆ ಇರುವುದೇ ಜಾಸ್ತಿ. ಹಂಡೆ, ಕೊಪ್ಪರಿಗೆ, ಜೋಕಾಲಿಯ ಹಲಗೆ, ಅಜ್ಜಿಯ ಟ್ರಂಕು, ರುಬ್ಬುವ ಕಲ್ಲು. ಮಾಳಿಗೆ ಮೇಲಿನ ಹೂಕುಂಡ ಕೂಡ ತೋರಿಸಿ. "ನೀವು ತೋರಿಸಿದ್ದಕ್ಕಿಂತ ಸಾಮಾನು ಜಾಸ್ತಿ ಆಯ್ತು" ಅನ್ನೋದೇ ಲೋಡಿಂಗ್ ದಿನದ ಮೊದಲ ತಕರಾರು. ಆ ಮಾತಿಗೆ ಜಾಗ ಕೊಡಬೇಡಿ.

ಎರಡೂ ಊರಿನ ಮನೆ ಎಷ್ಟನೇ ಮಹಡಿ, ಲಿಫ್ಟ್ ಇದೆಯಾ, ದೊಡ್ಡ ಗಾಡಿ ಗೇಟಿನ ತನಕ ಬರುತ್ತದಾ ಅನ್ನೋದನ್ನೂ ಮೊದಲೇ ಬರೆದು ಕೊಡಿ. ಓಣಿ ಸಣ್ಣದಿದ್ದರೆ ಮುಖ್ಯರಸ್ತೆಯಿಂದ ಛೋಟಾ ಹಾಥಿಯಂಥ ಸಣ್ಣ ಗಾಡಿಯಲ್ಲಿ ಸಾಗಿಸಬೇಕಾಗುತ್ತದೆ. ಆ ಬಾಡಿಗೆ ಯಾರದು ಅಂತ ಆಗಲೇ ತೀರ್ಮಾನ ಆಗಲಿ. ಪುಣೆ, ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಸಾಮಾನು ಏರಿಸಲು ಇಂತಿಷ್ಟೇ ಹೊತ್ತು ಅಂತ ನಿಯಮ ಇರುವುದುಂಟು. ಗಾಡಿ ರಾತ್ರಿ ತಲುಪಿದರೆ ಬೆಳಗಿನ ತನಕ ಕಾಯುವ ಚಾರ್ಜ್ ಕೇಳುತ್ತಾರೆ. ಅಲ್ಲಿನ ಸೆಕ್ಯುರಿಟಿಯವರಿಗೆ ಒಂದು ಫೋನ್ ಮಾಡಿ ಮೊದಲೇ ವಿಚಾರಿಸಿಕೊಳ್ಳಿ.

ಕೊನೆಗೆ ರೇಟು ಒಪ್ಪಿದ ಮೇಲೆ ಈ ಮೆಸೇಜ್ ಕಳಿಸಿ: "ಪ್ಯಾಕಿಂಗ್, ಎರಡೂ ಕಡೆ ಹಮಾಲಿ, ಟೋಲ್, ಜಿಎಸ್‌ಟಿ, ಮಂಚ-ಕಪಾಟು ಬಿಚ್ಚಿ ಜೋಡಿಸುವುದು, ಎಲ್ಲಾ ಸೇರಿ ಇಷ್ಟು ರೂಪಾಯಿ. ದಾರಿಯಲ್ಲಿ ಗಾಡಿ ಬದಲಿಸುವಂತಿಲ್ಲ. ಇಂಥ ತಾರೀಖಿನೊಳಗೆ ತಲುಪಬೇಕು. ಇಳಿಸುವಾಗ ಬೇರೆ ಯಾವ ಚಾರ್ಜೂ ಇಲ್ಲ. ಒಪ್ಪಿಗೆನಾ?" ಆ ಕಡೆಯಿಂದ ಬರೀ ಹೆಬ್ಬೆರಳಿನ ಚಿತ್ರ ಬಂದರೆ ಸಾಲದು. "ಒಪ್ಪಿಗೆ" ಅಂತ ಬರೆಸಿಕೊಳ್ಳಿ. ಪಾರ್ಟ್ ಲೋಡ್ ಅಂದರೆ ನಾಲ್ಕು ಜನರ ಸಾಮಾನು ಒಂದೇ ಗಾಡಿಯಲ್ಲಿ. ಅದು ಅಗ್ಗ, ಆದರೆ ತಡ ಆಗುವುದೂ ಅಲ್ಲೇ, ಅದಲು-ಬದಲಾಗುವುದೂ ಅಲ್ಲೇ. ಇಡೀ ಮನೆ ಎತ್ತಿಕೊಂಡು ಹೋಗುವವರು ಸಾಧ್ಯವಾದರೆ ಪೂರ್ತಿ ಗಾಡಿಯನ್ನೇ ಮಾಡಿ. ಮಳೆಗಾಲವಾದರೆ ತಾಡಪಾಲ್ ಹೊದಿಸಿದ ಲಾರಿ ಬೇಡ, ಮುಚ್ಚಿದ ಕಂಟೇನರ್ ಕೇಳಿ.

"ಚೆಕ್‌ಪೋಸ್ಟ್ ಖರ್ಚು", "ಇ-ವೇ ಬಿಲ್ ಖರ್ಚು" ಅನ್ನುವ ಎರಡು ಬಾಬ್ತುಗಳ ಬಗ್ಗೆ ಎಚ್ಚರ ಇರಲಿ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಮಾರಾಟ ತೆರಿಗೆಯ ಚೆಕ್‌ಪೋಸ್ಟ್‌ಗಳು ಎದ್ದುಹೋದವು. ಇ-ವೇ ಬಿಲ್ ಅಂದರೆ ಸರಕು ಸಾಗಿಸುವಾಗ ಆನ್‌ಲೈನ್‌ನಲ್ಲಿ ತೆಗೆಯುವ ಜಿಎಸ್‌ಟಿ ಕಾಗದ. ಬಳಸಿದ ಮನೆ ಸಾಮಾನಿಗೆ ಅದು ಬೇಕಾಗಿಯೇ ಇಲ್ಲ. ಜಿಎಸ್‌ಟಿ ನಿಯಮದಲ್ಲೇ ಅದಕ್ಕೆ ವಿನಾಯಿತಿ ಇದೆ. ಇದನ್ನು ಹೇಳಿದರೆ ಅರ್ಧ ಜನ ಅಲ್ಲೇ ಸುಮ್ಮನಾಗುತ್ತಾರೆ.

ದುಡ್ಡು ಕೊಡುವ ಕ್ರಮ

ಇದರಲ್ಲಿ ದಾಕ್ಷಿಣ್ಯ ಬೇಡ. ಬುಕಿಂಗ್‌ಗೆ ಸಣ್ಣ ಮೊತ್ತ, ಲೋಡ್ ಆಗಿ ಬಿಲ್ಟಿ (ಸಾಮಾನು ಒಪ್ಪಿಕೊಂಡದ್ದಕ್ಕೆ ಸಾಗಣೆದಾರ ಕೊಡುವ ರಸೀದಿ) ಕೈಗೆ ಬಂದ ಮೇಲೆ ಇನ್ನೊಂದಿಷ್ಟು, ಇಳಿಸಿ ಎಣಿಸಿಕೊಂಡ ಮೇಲೆ ಉಳಿದದ್ದು. ಕನಿಷ್ಠ ಮೂರನೇ ಒಂದು ಪಾಲಾದರೂ ಕೊನೆಗೆ ಉಳಿಯಬೇಕು. "ತೊಂಬತ್ತು ಪರ್ಸೆಂಟ್ ಮೊದಲೇ ಕೊಡಬೇಕು, ಕಂಪನಿ ರೂಲ್" ಅಂದರೆ ಬೇರೆ ಕಂಪನಿ ನೋಡಿ.

ಯುಪಿಐನಲ್ಲಿ ಕೊಡುವಾಗ ಸ್ಕ್ಯಾನ್ ಮಾಡಿದ ಮೇಲೆ ಪರದೆಯ ಮೇಲೆ ಬರುವ ಹೆಸರನ್ನು ಓದಿ. ಕೊಟೇಶನ್ ಮೇಲೆ ಒಂದು ಹೆಸರು, ಪರದೆ ಮೇಲೆ ಯಾರದ್ದೋ ಸ್ವಂತ ಖಾತೆಯ ಹೆಸರು ಬಂದರೆ ಪಿನ್ ಒತ್ತಬೇಡಿ. ಕಂಪನಿಯ ಖಾತೆಗೇ ಹಾಕುತ್ತೇನೆ ಅನ್ನಿ. ಅಡ್ವಾನ್ಸ್ ಪಡೆದು ಮಾಯವಾದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಇನ್ಶೂರೆನ್ಸ್ ಅಂದರೆ ಯಾವುದು?

"ಮೂರು ಪರ್ಸೆಂಟ್ ಕೊಡಿ ಸರ್, ಫುಲ್ ಇನ್ಶೂರೆನ್ಸ್" ಅನ್ನುತ್ತಾರೆ. ಆ ದುಡ್ಡಿಗೆ ಯಾವ ವಿಮಾ ಕಂಪನಿಯ ಪಾಲಿಸಿ ಬರುತ್ತದೆ ಅಂತ ಕೇಳಿ. ಪಾಲಿಸಿ ನಂಬರ್ ಇರುವ ಕಾಗದ ಬಂದರೆ ಅದು ಇನ್ಶೂರೆನ್ಸ್. ಬರದಿದ್ದರೆ, ಬಿಲ್ಲಿನಲ್ಲಿ 'ಎಫ್‌ಒವಿ' (ಫ್ರೈಟ್ ಆನ್ ವ್ಯಾಲ್ಯೂ, ಅಂದರೆ ಸಾಮಾನಿನ ಬೆಲೆಯ ಮೇಲೆ ಹಾಕುವ ಚಾರ್ಜ್) ಅಂತಷ್ಟೇ ಇದ್ದರೆ, ಅದು ಸಾಗಣೆದಾರನೇ ಕೊಡುವ ಭರವಸೆ. ಕಂಪನಿ ಗಟ್ಟಿ ಇದ್ದರೆ ಭರವಸೆಯೂ ಗಟ್ಟಿ.

ಕ್ಯಾರೇಜ್ ಬೈ ರೋಡ್ ಕಾಯ್ದೆಯ ಲೆಕ್ಕವೂ ಗೊತ್ತಿರಲಿ. ಹೆಚ್ಚಿನ ಹೊಣೆಗೆ ಬೇರೆ ದರ ಒಪ್ಪಿಕೊಳ್ಳದಿದ್ದರೆ, ಸಾಗಣೆದಾರನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಅದೂ ನೀವು ಬರೆದುಕೊಟ್ಟ ಸಾಮಾನಿನ ಬೆಲೆಯನ್ನು ಮೀರುವಂತಿಲ್ಲ. ಬಾಡಿಗೆ ಮೂವತ್ತು ಸಾವಿರ ಅಂದರೆ ಮೂರು ಲಕ್ಷದ ತನಕ. ಆದರೆ ಬೆಲೆಯ ಜಾಗದಲ್ಲಿ ಅವರು ಹತ್ತು ಸಾವಿರ ಅಂತ ಬರೆದಿದ್ದರೆ ಹತ್ತೇ ಸಾವಿರ. ಎಷ್ಟೋ ಕಡೆ ಈ ಅಂಕಿಯನ್ನು ಸೂಪರ್‌ವೈಸರ್ ತಾನೇ ಗೀಚಿಬಿಡುತ್ತಾನೆ. ಫ್ರಿಜ್, ಟಿವಿ, ವಾಷಿಂಗ್ ಮೆಷಿನ್, ಮಂಚ, ಕಪಾಟು ಇವುಗಳ ಬೆಲೆ ಕೂಡಿಸಿ ಸರಿಯಾದ ಮೊತ್ತ ನೀವೇ ಬರೆಯಿರಿ.

ಬಿಲ್ಟಿಯ ಕೆಳಗೆ ಸಣ್ಣಕ್ಷರದಲ್ಲಿ 'ಓನರ್ಸ್ ರಿಸ್ಕ್' ಅಂತ ಅಚ್ಚಾಗಿರುತ್ತದೆ. ಅದನ್ನು ನೋಡಿ ಎದೆಗುಂದಬೇಕಿಲ್ಲ. ಹಾಗೆ ಅಚ್ಚು ಹಾಕಿಸಿದ ಮಾತ್ರಕ್ಕೆ ಅವರ ನಿರ್ಲಕ್ಷ್ಯದ ಹೊಣೆ ತಪ್ಪುವುದಿಲ್ಲ.

ಲೋಡಿಂಗ್ ದಿನ

ಬೆಳಗ್ಗೆ ಗಾಡಿ ಬಂದು ನಿಂತ ಕೂಡಲೇ ನಂಬರ್ ಪ್ಲೇಟಿನ ಫೋಟೋ ತೆಗೆಯಿರಿ. ಎಂ-ಪರಿವಾಹನ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಫಿಟ್‌ನೆಸ್, ಗಾಡಿಯ ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯಾ ಗೊತ್ತಾಗುತ್ತದೆ. ಡ್ರೈವರ್‌ನ ಲೈಸೆನ್ಸ್, ಫೋನ್ ನಂಬರ್ ತೆಗೆದುಕೊಳ್ಳಿ. ಅವನಿಗೆ ಚಹಾ-ಉಪ್ಪಿಟ್ಟು ಕೊಟ್ಟು ಮಾತಾಡಿಸಿ. "ನಿಮಗೆ ಬಾಡಿಗೆ ಎಷ್ಟು ಹೇಳ್ಯಾರ್ರಿ? ಎಲ್ಲಿ ತನಕ ನೀವೇ ಹೋಗ್ತೀರಿ?" ಅಂತ ಸುಮ್ನೆ ಕೇಳಿ. "ನಾ ಬೆಳಗಾಂವ ತನಕ ಅಷ್ಟ ರೀ" ಅಂದರೆ ಅಲ್ಲೇ ಲೋಡಿಂಗ್ ನಿಲ್ಲಿಸಿ ಆಫೀಸಿಗೆ ಫೋನ್ ಮಾಡಿ. ಇನ್ನೂ ಸಾಮಾನು ನಿಮ್ಮ ಕೈಯಲ್ಲಿದೆ.

ಇನ್ನು ಪಟ್ಟಿ. ಇಡೀ ಶಿಫ್ಟಿಂಗ್‌ನಲ್ಲಿ ಜನ ಅತಿ ಕಡಿಮೆ ಗಮನ ಕೊಡುವ ಕಾಗದ ಇದು. ಅಣ್ಣನ ಮನೆಯ ಪಟ್ಟಿ ನನ್ನ ಹತ್ತಿರ ಈಗಲೂ ಇದೆ. ಸೂಪರ್‌ವೈಸರ್ ಕಾರ್ಬನ್ ಇಟ್ಟು ಬರೆದದ್ದು. "ಅಡಿಗೆ ಸಾಮಾನು – 6 ಡಬ್ಬಿ, 3 ಚೀಲ. ಕಬ್ಬಿಣದ ಕಪಾಟು – 1, ಹಳೆಯದು, ಡೆಂಟ್." ಆ ಕಪಾಟಿಗೆ ಹೊರಡುವಾಗ ಒಂದು ಗೀರು ಕೂಡ ಇರಲಿಲ್ಲ. ಪುಣೆಯಲ್ಲಿ ಬಾಗಿಲು ಹಾಕಲು ಬರದಷ್ಟು ಬಗ್ಗಿತ್ತು. ಕೇಳಿದರೆ, "ಡೆಂಟ್ ಅಂತ ಬರೆದಿದೆಯಲ್ಲ ಸರ್" ಅಂದರು. ವೈನಿಯ (ಅಣ್ಣನ ಹೆಂಡತಿಯ) ತವರಿನ ತಾಮ್ರದ ಹಂಡೆ ಮೂರರಲ್ಲಿ ಒಂದು ಚೀಲದೊಳಗಿತ್ತು. ಇಳಿದದ್ದೂ ಮೂರೇ ಚೀಲ, ಆದರೆ ಹಂಡೆ ಇರಲಿಲ್ಲ. ಪಟ್ಟಿಯ ಲೆಕ್ಕದಲ್ಲಿ ಏನೂ ಕಳೆದಿಲ್ಲ!

ಹಾಗಾಗಿ ಪಟ್ಟಿ ನೀವೂ ಬರೆಯಿರಿ. ಪ್ರತಿ ಡಬ್ಬಿಗೂ ಎರಡು ಬದಿ ಮಾರ್ಕರ್‌ನಲ್ಲಿ ನಂಬರ್. ನಂಬರ್ ಎದುರು ಒಳಗಿರುವುದು: "14 – ಮಿಕ್ಸರ್, ಎರಡು ಜಾರ್, ಕುಕ್ಕರ್ 5 ಲೀಟರ್, ತಾಮ್ರದ ಹಂಡೆ." ಮುಚ್ಚುವ ಮುಂಚೆ ಡಬ್ಬಿಯೊಳಗಿನ ಒಂದು ಫೋಟೋ. ಟಿವಿ ಚಾಲೂ ಮಾಡಿ, ವಾಷಿಂಗ್ ಮೆಷಿನ್ ತಿರುಗಿಸಿ ಒಂದು ಸಣ್ಣ ವಿಡಿಯೋ. ಕಪಾಟು, ಸೋಫಾದ ನಾಲ್ಕೂ ಬದಿಯ ಫೋಟೋ. ಅವರ ಪಟ್ಟಿಯಲ್ಲಿ ಪ್ರತಿ ಸಾಮಾನಿನ ಮುಂದೆ "ಹಳೆಯದು", "ಸ್ಕ್ರ್ಯಾಚ್" ಅಂತ ಬರೆದಿದ್ದರೆ ಇಲ್ಲದ್ದನ್ನು ಹೊಡೆದುಹಾಕಿಸಿ, ಆಮೇಲೆ ಸಹಿ ಮಾಡಿ. ಅವರಿಗೆ ಬೇಜಾರಾಗುತ್ತದೆ, ಆಗಲಿ.

ಕಂಟೇನರ್ ಆದರೆ ನಿಮ್ಮದೇ ಬೀಗ ಹಾಕಿ. ಬಿಲ್ಟಿ ಇಲ್ಲದೆ ಗಾಡಿ ಬಿಡಬೇಡಿ. ಸಾಮಾನು ಒಪ್ಪಿಕೊಂಡ ಮೇಲೆ ರಸೀದಿ ಕೊಡುವುದು, ಅದರ ಮೂಲ ಪ್ರತಿ ಕಳಿಸುವವರಿಗೆ ಕೊಡುವುದು ಕಾಯ್ದೆಯಲ್ಲೇ ಇದೆ. ಗಾಡಿ ನಂಬರ್, ಡಬ್ಬಿಗಳ ಎಣಿಕೆ, ಬಾಡಿಗೆ, ಬಾಕಿ ಮೊತ್ತ, ತಲುಪುವ ವಿಳಾಸ ಅದರಲ್ಲಿ ಇವೆಯಾ ನೋಡಿ.

ಬಂಗಾರ, ಮಾರ್ಕ್ಸ್ ಕಾರ್ಡ್, ಮನೆ ಪತ್ರ, ಲ್ಯಾಪ್‌ಟಾಪ್ ನಿಮ್ಮ ಜೊತೆಗೇ ಬರಲಿ. ಹಾಲು ಉಕ್ಕಿಸುವ ಪಾತ್ರೆ, ದೇವರ ಸಾಮಾನೂ ಅಷ್ಟೇ. ಮುಹೂರ್ತ ಲಾರಿಗಾಗಿ ಕಾಯುವುದಿಲ್ಲ. ಗ್ಯಾಸ್ ಸಿಲಿಂಡರ್ ಏಜೆನ್ಸಿಗೆ ಒಪ್ಪಿಸಿ ವೋಚರ್ ತೆಗೆದುಕೊಂಡರೆ ಹೊಸ ಊರಲ್ಲಿ ಮತ್ತೆ ಸಿಗುತ್ತದೆ. ಬೈಕ್ ಕಳಿಸುವುದಾದರೆ ಪೆಟ್ರೋಲ್ ಪೂರ್ತಿ ತೆಗೆಸಿ. ಬೈಕ್ ಒಂದೇ ಇದ್ದರೆ ಹುಬ್ಬಳ್ಳಿ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲೂ ಒಮ್ಮೆ ವಿಚಾರಿಸಿ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಜಾಸ್ತಿ ಇರುವುದಾದರೆ ಧಾರವಾಡ-ಹುಬ್ಬಳ್ಳಿಯ ಕೆಎ 25, ಕೆಎ 63ರ ಗಾಡಿಗೆ ಅಲ್ಲಿನ ನಂಬರ್ ಮಾಡಿಸಬೇಕು. ಅದಕ್ಕೆ ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬೇಕು. ಊರು ಬಿಡುವ ಮುಂಚೆಯೇ ಆ ಕೆಲಸ ಮುಗಿಸಿದರೆ ಮತ್ತೆ ಬರುವುದು ತಪ್ಪುತ್ತದೆ.

ಬಾಗಿಲಲ್ಲಿ ನಿಂತು ಜಾಸ್ತಿ ಕೇಳಿದರೆ

ಡ್ರೈವರ್ ಜೊತೆ ಜಗಳ ಆಡಬೇಡಿ. ಅವನಿಂದ ಏನೂ ಬಗೆಹರಿಯುವುದಿಲ್ಲ, ಗಾಡಿ ತಿರುಗಿಸಿಕೊಂಡು ಹೋದರೆ ಇನ್ನೂ ಕಷ್ಟ. ಆಫೀಸಿಗೆ ಫೋನ್ ಮಾಡಿ, ಜೊತೆಗೇ ಮೆಸೇಜ್ ಹಾಕಿ: ಎಷ್ಟು ಕೇಳುತ್ತಿದ್ದೀರಿ, ಯಾವ ಬಾಬ್ತಿಗೆ, ಬರೆದು ಕಳಿಸಿ. ಬರೆದು ಕೊಡುವುದು ಅಂದ ಕೂಡಲೇ ಮೊತ್ತ ಇಳಿಯುವುದೂ ಉಂಟು.

ಇಳಿಯದಿದ್ದರೆ 112ಕ್ಕೆ ಫೋನ್ ಮಾಡಿ. "ಇದು ಸಿವಿಲ್ ಮ್ಯಾಟರ್, ನೀವೇ ಮಾತಾಡಿಕೊಳ್ಳಿ" ಅಂತ ಪೊಲೀಸರು ಹೇಳಬಹುದು. ಆಗ ಬಿಲ್ಟಿ, ಒಪ್ಪಿದ ರೇಟಿನ ಮೆಸೇಜ್, ಕೊಟ್ಟ ದುಡ್ಡಿನ ದಾಖಲೆ ತೋರಿಸಿ. ಸಾಗಿಸಲು ನಂಬಿ ಕೊಟ್ಟ ಮಾಲನ್ನು ಸಾಗಣೆದಾರ ಅಪ್ರಾಮಾಣಿಕವಾಗಿ ತನ್ನದಾಗಿಸಿಕೊಂಡರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 316(3) ಇದೆ, ಏಳು ವರ್ಷದವರೆಗೆ ಶಿಕ್ಷೆ. ಕಲಂ ಹೇಳಿ ದಬಾಯಿಸುವುದಕ್ಕಲ್ಲ, ದೂರಿನಲ್ಲಿ ಬರೆಯುವುದಕ್ಕೆ.

ಆದರೂ ಕೆಲವು ಸಲ ಬೇರೆ ದಾರಿ ಇರುವುದಿಲ್ಲ. ಹೊರಗೆ ಮಳೆ, ಕೈಯಲ್ಲಿ ಮಗು, ಮಲಗಲು ಚಾಪೆಯೂ ಲಾರಿಯೊಳಗೆ. ಆಗ ಕೊಡಿ, ತಪ್ಪಲ್ಲ. ಆದರೆ ನಗದು ಬೇಡ, ಕಂಪನಿ ಖಾತೆಗೆ ಹಾಕಿ. "ಒಪ್ಪಂದದಲ್ಲಿ ಇಲ್ಲದ ಮೊತ್ತ. ಸಾಮಾನು ಬಿಡಿಸಿಕೊಳ್ಳಲು ಪ್ರತಿಭಟಿಸಿ ಕೊಡುತ್ತಿದ್ದೇನೆ" ಅಂತ ಮೆಸೇಜ್ ಮಾಡಿ. ಬಿಲ್ಲಿನ ಮೇಲೂ ಅದನ್ನೇ ಬರೆಯಿರಿ. ಆಮೇಲೆ ವಾಪಸ್ ಕೇಳಲು ಅದೇ ಆಧಾರ.

ಇಳಿಸಿದ ಮೇಲೆ "ಎಲ್ಲಾ ಸರಿಯಾಗಿ ತಲುಪಿದೆ" ಅನ್ನುವ ಕಾಗದಕ್ಕೆ ಸಹಿ ಕೇಳುತ್ತಾರೆ. ಎಣಿಸದೆ, ಮುಖ್ಯ ಡಬ್ಬಿಗಳನ್ನು ತೆರೆಯದೆ ಸಹಿ ಹಾಕಬೇಡಿ. ಒಡೆದದ್ದು, ಕಳೆದದ್ದು ಇದ್ದರೆ ಸಹಿಯ ಮೇಲೆಯೇ ಬರೆಯಿರಿ. ಡ್ರೈವರ್ ಒಪ್ಪದಿದ್ದರೆ ಆ ಕಾಗದದ ಫೋಟೋ, ಒಡೆದ ಸಾಮಾನಿನ ಫೋಟೋ ಅದೇ ದಿನ ಕಂಪನಿಗೆ ಕಳಿಸಿ. ಫ್ರಿಜ್ ಮಾತ್ರ ಇಳಿಸಿದ ಕೂಡಲೇ ಪ್ಲಗ್ ಹಾಕಬೇಡಿ, ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿಡಿ.

ನಷ್ಟ ಆಗಿದ್ದರೆ

ಮೊದಲು ಲಿಖಿತ ನೋಟಿಸ್. ಸಾಗಣೆದಾರನ ಮೇಲೆ ಕೇಸ್ ಹಾಕಬೇಕಾದರೆ ಬುಕಿಂಗ್ ಆದ ದಿನದಿಂದ 180 ದಿನದೊಳಗೆ ನೋಟಿಸ್ ತಲುಪಿರಬೇಕು ಅಂತ ಕ್ಯಾರೇಜ್ ಬೈ ರೋಡ್ ಕಾಯ್ದೆ ಹೇಳುತ್ತದೆ. ಗಮನಿಸಿ, ಲೆಕ್ಕ ಶುರುವಾಗುವುದು ಸಾಮಾನು ತಲುಪಿದ ದಿನದಿಂದಲ್ಲ, ಬುಕ್ ಮಾಡಿದ ದಿನದಿಂದ. "ನೋಡೋಣ ಸರ್, ಮುಂದಿನ ವಾರ" ಅಂತ ಅವರು ಎಳೆಯುವಾಗ ಈ ದಿನಗಳು ಸರಿಯುತ್ತಿರುತ್ತವೆ. ಎರಡು ಪುಟ ಸಾಕು: ಬಿಲ್ಟಿ ನಂಬರ್, ಏನು ಕಳೆದಿದೆ, ಬೆಲೆ ಎಷ್ಟು, ಎಷ್ಟು ದಿನದಲ್ಲಿ ಕೊಡಬೇಕು. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಇ-ಮೇಲ್ ಕೂಡ ಮಾಡಿ.

ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅಣ್ಣನ ವಿಷಯದಲ್ಲಿ ಕಂಪನಿ ಬಾಯಿ ಬಿಟ್ಟದ್ದು ಆ ದೂರಿನ ನಂತರವೇ. ಕಪಾಟಿನ ಫೋಟೋ ಇತ್ತು, ಅದರ ದುಡ್ಡು ಬಂತು. ಹಂಡೆಯ ಫೋಟೋ ಇರಲಿಲ್ಲ, ಬರಲಿಲ್ಲ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರುವ ಊರಲ್ಲೇ ದೂರು ಹಾಕಬಹುದು. ಕಂಪನಿ ದಿಲ್ಲಿಯದ್ದಾದರೂ ಹುಬ್ಬಳ್ಳಿಯವರು ಧಾರವಾಡದ ಆಯೋಗಕ್ಕೆ, ಗದಗಿನವರು ಗದಗಿನ ಆಯೋಗಕ್ಕೆ ಹೋದರೆ ಸಾಕು. ಪುಣೆಗೆ ಹೋಗಿ ನೆಲೆಸಿದ್ದರೆ ಪುಣೆಯಲ್ಲೇ ಹಾಕಿ. ನೀವು ಕೊಟ್ಟ ಬಾಡಿಗೆ ಐದು ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ಎರಡು ವರ್ಷದೊಳಗೆ ಹಾಕಬೇಕು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಕೊಟೇಶನ್, ಮೆಸೇಜುಗಳ ಪ್ರಿಂಟ್, ಬಿಲ್ಟಿ, ಪಟ್ಟಿ, ಫೋಟೋ, ದುಡ್ಡು ಕೊಟ್ಟ ದಾಖಲೆ, ನೋಟಿಸ್ ಮತ್ತು ಅದರ ಪೋಸ್ಟಲ್ ರಸೀದಿ, ಇವಿಷ್ಟನ್ನು ಇದೇ ಕ್ರಮದಲ್ಲಿ ಜೋಡಿಸಿ ಪುಟಸಂಖ್ಯೆ ಹಾಕಿ. ಕಂಪನಿಯ ಜೊತೆಗೆ ಬುಕಿಂಗ್ ಹಿಡಿದವನನ್ನೂ ಎದುರುದಾರನಾಗಿ ಸೇರಿಸಿ. ಇಲ್ಲದಿದ್ದರೆ ಒಬ್ಬರ ಮೇಲೊಬ್ಬರು ಹಾಕಿ ಇಬ್ಬರೂ ಜಾರಿಕೊಳ್ಳುತ್ತಾರೆ.